ನೀರು ನಿಂತ ಗೆರೆ

ಗೋಡೆಯಿಂದ ಮೂರನೆಯ ಹಲಗೆ ಕಿತ್ತು ಬಂದಾಗ ಅಡುಗೆಮನೆಯ ತುಂಬ ಹಳೆಯ ಸುಣ್ಣದ ಪುಡಿ ಹಾರಿತು. ರೆಜಿಸ್ ಕೆಮ್ಮುತ್ತಲೇ ಹಲಗೆಯನ್ನು ಮೇಜಿಗೆ ಒರಗಿಸಿದ.

"ನೋಡಿ ಮೇಡಂ, ಇದೊಂದೇ ಹಲಗೆ ಎಣ್ಣೆ ಉಜ್ಜಿದಂಗಿದೆ. ಇಲ್ಲಿ, ಅಂಗೈಯಗಲ."

"ಅದು ನಮ್ಮಮ್ಮನ ಊರುಗೋಲು," ಎಂದು ಆರ್ಮೆಲ್ ನಕ್ಕಳು. "ಹಿತ್ತಲಿಗೆ ಹೋಗ್ತಾ ಬರ್ತಾ ಅಲ್ಲೇ ಕೈ ಊರ್ತಾಳೆ. ನಾನು ಚಿಕ್ಕವಳಿದ್ದಾಗಿಂದ್ಲೂ ಹಾಗೇ. ಮುದುಕಿ ಆಗೋದನ್ನ ಆಗ್ಲೇ ಅಭ್ಯಾಸ ಮಾಡ್ಕೊಂಡಿದ್ಲು ಅನ್ಸುತ್ತೆ. ಹೂಂ, ಇನ್ನೊಂದು ಕೀಳಿ ಬೇಗ. ಅವಳು ಬರೋ ಹೊತ್ತಿಗೆ ಬಣ್ಣ ಒಣಗಿರ್ಬೇಕು."

ಅಮ್ಮ ಕ್ಲೋತಿಲ್ದ್ ಕೂದಲು ಸುರುಳಿ ಮಾಡಿಸಿಕೊಳ್ಳಲು ಹೋಗಿದ್ದಳು. ಎಂಬತ್ತು ದಾಟಿದರೂ ಹಬ್ಬ ಹುಣ್ಣಿಮೆಗೆ ಅದನ್ನು ತಪ್ಪಿಸಿದವಳಲ್ಲ. ಮೊಂತ್ರಿವ್ ಊರಿಗೆ ಸೆಪ್ಟೆಂಬರಿನ ಈ ಶನಿವಾರವೂ ಒಂದು ಹಬ್ಬವೇ. ಹೊಳೆಯಂಚಿನ ಪ್ರತಿ ಮನೆಯ ಬಿಳಿಗಲ್ಲಿನ ಗೋಡೆಯಲ್ಲೂ ಪ್ರವಾಹದ ನೀರು ನಿಂತ ಮಟ್ಟಕ್ಕೆ ಒಂದು ಗೆರೆ ಕೊರೆದಿರುತ್ತದೆ, ಪಕ್ಕದಲ್ಲಿ ಇಸವಿ. ಪರಂಪರೆಯ ದಿನ ಆ ಗೆರೆಗಳಿಗೆ ನೀಲಿ ಬಳಿದು ಬಾಗಿಲು ತೆರೆದಿಡುತ್ತಾರೆ. ದೂರದೂರಿನವರು ಬಂದು ಗೆರೆಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಈ ಒಂದು ಮನೆಯಲ್ಲಿ ಮಾತ್ರ ಗೆರೆ ಕಾಣುತ್ತಿರಲಿಲ್ಲ. ಆರ್ಮೆಲ್ ಊರಿನ ಪರಂಪರೆ ಸಂಘದ ಅಧ್ಯಕ್ಷೆ, ಮೂವತ್ತು ವರ್ಷ ಶಾಲೆಯಲ್ಲಿ ಚರಿತ್ರೆ ಹೇಳಿಕೊಟ್ಟವಳು. 'ಊರಿನವರ ಗೋಡೆಯನ್ನೆಲ್ಲ ಕೆರೆಸಿದ ಅಧ್ಯಕ್ಷೆ ತನ್ನ ಗೋಡೆಗೆ ಮಾತ್ರ ರವಿಕೆ ತೊಡಿಸಿದ್ದಾಳೆ' ಎಂದು ಮಾಂಸದಂಗಡಿಯವಳು ಆಡಿಕೊಂಡದ್ದೂ ಕಿವಿಗೆ ಬಿದ್ದಿತ್ತು. ಪ್ರತಿ ವರ್ಷ ಅಮ್ಮನನ್ನು ಕೇಳುವುದು, ಪ್ರತಿ ವರ್ಷ ಅದೇ ಉತ್ತರ: "ಅಲ್ಲೇನಿದೆ? ಗೋಡೆ ಇದೆ." ಈ ಸಲ ಆರ್ಮೆಲ್ ಕೇಳಲೇ ಇಲ್ಲ. ಅಮ್ಮನ ಬೆನ್ನು ತಿರುವಿನಲ್ಲಿ ಮರೆಯಾದದ್ದೇ ಸಂಘದ ರೆಜಿಸ್‌ನನ್ನು ಉಳಿ ಸುತ್ತಿಗೆ ಸಮೇತ ಕರೆದುಬಿಟ್ಟಿದ್ದಳು.

ನಾಲ್ಕನೆಯ ಹಲಗೆ ಸರಿದಾಗ ಗೆರೆ ಪೂರ್ತಿ ಕಂಡಿತು. ಅವಳ ಎದೆಯ ಮಟ್ಟಕ್ಕೆ, ಆಳವಾಗಿ, ನೇರವಾಗಿ. ಪಕ್ಕದಲ್ಲಿ: ಜನವರಿ ೧೯೩೬. ರೈಲ್ವೆ ಸರಕಿನ ಕಚೇರಿಯಲ್ಲಿದ್ದ ಅಪ್ಪನ ಮುದ್ದಾದ ಅಂಕಿಗಳು. ಆರ್ಮೆಲ್ ಚಪ್ಪಾಳೆ ತಟ್ಟಿದಳು.

"ಇತ್ತು ನೋಡಿ! ಊರಿಗೆಲ್ಲ ಇದೇ ಚೆಂದದ ಗೆರೆ!"

"ಕೆಳಗೂ ಏನೋ ಇದೆ," ಎಂದು ರೆಜಿಸ್ ಮಂಡಿಯೂರಿ ಧೂಳು ಊದಿದ. "ಓಹೋ, ನಿಮ್ಮದೇ ಹೆಸರು. ಆರ್ಮೆಲ್. ಎತ್ತರ ಅಳೆದು ಗುರುತು ಹಾಕಿದ್ದಾರೆ. ಎರಡು ವರ್ಷ. ಅದರ ಮೇಲೆ ಮೂರು ವರ್ಷ. ಇಲ್ಲಿ ನಾಲ್ಕು."

"ಅಪ್ಪ!" ಆರ್ಮೆಲ್‌ಳ ಕಣ್ಣು ಮಂಜಾಯಿತು. ಅಳತೆ ಹಿಡಿಸಿಕೊಂಡು ಈ ಗೋಡೆಗೆ ಬೆನ್ನು ಕೊಟ್ಟು ನಿಂತ ನೆನಪೇ ಅವಳಿಗಿಲ್ಲ. ಎಷ್ಟು ಪುಟ್ಟವಳಿದ್ದೆ! ನಾಲ್ಕರ ಗುರುತು ಸೊಂಟಕ್ಕಿಂತ ತುಸು ಮೇಲಿತ್ತು.

ರೆಜಿಸ್ ಇನ್ನೊಮ್ಮೆ ಊದಿದ. ಆಮೇಲೆ ಏಳಲಿಲ್ಲ. "ಮೇಡಂ, ನೀವು ಹುಟ್ಟಿದ್ದು ಯಾವಾಗ?"

"ಹೆಂಗಸರನ್ನ ಕೇಳೋ ಪ್ರಶ್ನೆನಾ ಅದು? ಮೂವತ್ತೇಳರ ಮೇ ತಿಂಗಳು."

"ಇಲ್ಲಿ ಮೂವತ್ತೈದು ಅಂತಿದೆ. ನವೆಂಬರ್ ಮೂವತ್ತೈದು, ಆರ್ಮೆಲ್, ನಾಲ್ಕು ವರ್ಷ."

"ತಪ್ಪಿರ್ಬೇಕು," ಎಂದಳು. ಬಾಯಿಂದ ಮಾತು ಹೊರಬಿದ್ದ ಕೂಡಲೇ, ಅಪ್ಪ ಅಂಕಿಯಲ್ಲಿ ತಪ್ಪುವವನಲ್ಲ ಎಂಬುದು ನೆನಪಾಯಿತು. ಬಗ್ಗಿ ಬೆರಳಿಟ್ಟು ನೋಡಿದಳು. ಮೂರು, ಐದು. ಕೊರೆದ ಅಂಚು ಇನ್ನೂ ಚೂಪಾಗಿತ್ತು. ಅದರ ಮೇಲೆ ಐದು ವರ್ಷದ ಗುರುತಿಗೆ ಹುಡುಕಿದಳು. ಬಿಳಿ ಕಲ್ಲು ಖಾಲಿಯಿತ್ತು. ಇನ್ನೂ ಮೇಲೆ ಹೋದ ಬೆರಳು ನೀರಿನ ಗೆರೆಗೆ ಸಿಕ್ಕಿ ನಿಂತಿತು.



"ನೀರಿನ ಗೆರೆಗೆ ಬಣ್ಣ ಬಳಿಯೋನಿಗೆ ಮೊದಲು ಗಂಟಲಿಗೆ ಒಂದು ಲೋಟ ಬಿಳಿ ವೈನ್ ಬಳೀಬೇಕು, ಗೊತ್ತಾಯ್ತಾ ಅಧ್ಯಕ್ಷರೇ?" ಹೊಸ್ತಿಲಲ್ಲಿ ಅನ್ಸೆಲ್ಮನ ದನಿ. ಹಳೆಯ ದೋಣಿಯವನು, ಅಪ್ಪನ ಗೆಳೆಯ. ಊರಿನ ಗೆರೆಗಳಿಗೆಲ್ಲ ನೀಲಿ ಬಳಿಯುವ ಹಕ್ಕು ಅವನದೇ. ಕೈಯಲ್ಲಿ ಡಬ್ಬಿ, ಕಿವಿಯ ಮೇಲೆ ಕುಂಚ. ಒಂದು ಹೆಜ್ಜೆ ಒಳಗಿಟ್ಟವನು ಗೋಡೆ ನೋಡಿದ. ನಗು ಅವನ ಮುಖದಲ್ಲೇ ಉಳಿದು ಒಣಗಿತು.

"ನಿಮ್ಮಮ್ಮ ಎಲ್ಲಿ?"

"ಕೂದಲಿಗೆ ಹೋಗಿದ್ದಾಳೆ."

"ಮುಚ್ಚು. ಏಯ್ ರೆಜಿಸ್, ಹಲಗೆ ಎತ್ತು, ಮೊಳೆ ಹೊಡಿ. ಬೇಗ!"

"ಮಾಮ," ಆರ್ಮೆಲ್ ಅಲುಗಲಿಲ್ಲ. "ಇದು ಯಾರು?"

ಅನ್ಸೆಲ್ಮ್ ಡಬ್ಬಿಯನ್ನು ನೆಲಕ್ಕಿಟ್ಟ. ಕುರ್ಚಿಗೆ ತಡಕಾಡಿ ಕೂತ. ಆಗ ಮಾತ್ರ ಅವನು ಎಷ್ಟು ಮುದುಕನಾಗಿದ್ದಾನೆ ಎಂದು ಅವಳಿಗೆ ಕಂಡಿತು.

"ನಿನ್ನಕ್ಕ."

ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು.

"ಮಗು ಮಲಗಿತ್ತು. ನಿಮ್ಮಮ್ಮ ಸೇತುವೆ ಆಚೆ ಬ್ರೆಡ್ ತರೋಕೆ ಹೋದ್ಲು. ಹೋಗಿ ಬರೋ ಕೆಲಸ, ಅಷ್ಟೇ. ಮೇಲಿನ ಕಟ್ಟೆ ಒಡೆದಿದ್ದು ಯಾರಿಗೂ ಗೊತ್ತಿರ್ಲಿಲ್ಲ. ಅವಳು ವಾಪಸ್ ಸೇತುವೆ ಮೇಲೆ ಬರೋ ಹೊತ್ತಿಗೆ ಈ ಬೀದಿನೇ ಇರ್ಲಿಲ್ಲ, ಬರೀ ನೀರು. ನಾವು ನಾಲ್ಕು ಜನ ಹಿಡ್ಕೊಂಡ್ವಿ ಅವಳನ್ನ. ಬಾಗಿಲು ಕಿತ್ತುಹೋಗಿತ್ತು. ಮಗು ಸಿಗ್ಲೇ ಇಲ್ಲ."

ಅಮ್ಮ ಸೇತುವೆ ದಾಟಿದ್ದನ್ನು ಆರ್ಮೆಲ್ ಕಂಡದ್ದೇ ಇಲ್ಲ. ಬ್ರೆಡ್ ತರುವುದು ಅಪ್ಪನ ಕೆಲಸ, ಅವನು ಹೋದ ಮೇಲೆ ಅವಳದು. ಸೋಮಾರಿ ಎಂದು ಅಮ್ಮನನ್ನು ಎಷ್ಟು ಸಲ ಛೇಡಿಸಿಲ್ಲ!

"ನನಗೆ ಅದೇ ಹೆಸರು?"

"ಹೊಳೆ ದಂಡೇಲಿ ನಿಂತು ವರ್ಷಪೂರ್ತಿ ಅದೇ ಹೆಸರು ಕೂಗಿದ್ಲು. ನೀನು ಹುಟ್ಟಿದಾಗ ಪಾದ್ರಿಗಳು ಬೇರೆ ಹೆಸರು ಇಡಮ್ಮ ಅಂದ್ರು. ಅವಳು ಕೇಳ್ಲಿಲ್ಲ."

"ಮತ್ತೆ ಆ ಫಲಕ?" ಎಂದಳು. ಸೇತುವೆಯ ಮೇಲೆ ಅವಳೇ ಹಾಕಿಸಿದ ಎನಾಮೆಲ್ ಫಲಕ: 'ಈ ಹೊಳೆ ಹಸು ಒಯ್ದಿದೆ, ಪೀಪಾಯಿ ಒಯ್ದಿದೆ, ಒಂದೇ ಒಂದು ಮನುಷ್ಯಜೀವ ಒಯ್ದಿಲ್ಲ.' ಊರಿನ ಹೆಮ್ಮೆಯ ಮಾತು. ಶಾಲೆಯ ಮಕ್ಕಳ ಬಾಯಿಗೆ, ಬಂದ ಪ್ರವಾಸಿಗರ ಕಿವಿಗೆ ಎಷ್ಟು ವರ್ಷದಿಂದ ಹಾಕುತ್ತ ಬಂದಿದ್ದಾಳೆ! "ಅದು ಮುತ್ತಜ್ಜನ ಕಾಲದ ಮಾತು ಅಂತ ಎಲ್ಲರೂ ಹೇಳಿದ್ರಲ್ಲ ಮಾಮ? ನೀವೂ ಹೇಳಿದ್ರಿ! ಯಾರು ಹುಟ್ಟಿಸಿದ್ದು ಅದನ್ನ?"

ಅನ್ಸೆಲ್ಮ್ ತನ್ನ ಅಂಗೈಗಳನ್ನು ನೋಡಿಕೊಂಡ.

"ನೀನೇ."

"ನಾನಾ?"

"ನಿಮ್ಮಮ್ಮ ನಿನ್ನನ್ನ ಸೆರಗಿಗೆ ಕಟ್ಕೊಂಡಂಗೆ ಬೆಳೆಸಿದ್ಲು. ನೀರು ಕಂಡ್ರೆ ಕಿರುಚೋಳು ನೀನು. ಸೇತುವೆ ದಾಟದೆ ಶಾಲೆ ಹೆಂಗೆ? ಅದಕ್ಕೆ ನಿಮ್ಮಪ್ಪ ಹೇಳ್ದ, ಹೆದರ್ಬೇಡ ಮಗಳೇ, ಈ ಹೊಳೆ ಹಸು ತಿನ್ನುತ್ತೆ, ಮನುಷ್ಯರನ್ನ ಮುಟ್ಟಲ್ಲ ಅಂತ. ನೀನು ಕುಣೀತಾ ಹೋಗಿ ಶಾಲೇಲಿ ಹೇಳಿದೆ. ಬೇಕರಿಲಿ ಹೇಳಿದೆ, ಇಗರ್ಜಿ ಬಾಗ್ಲಲ್ಲಿ ಹೇಳಿದೆ. ಆರು ವರ್ಷದ ಹುಡುಗಿ, ಜಡೆ ಅಲ್ಲಾಡಿಸ್ಕೊಂಡು ಕೇಳಿದ್ರೆ ಯಾರು ಇಲ್ಲ ಅಂತಾರೆ? ಹೌದು ಕಣೆ ಅಂದ್ವಿ. ಎಲ್ಲಾರೂ ಅಂದ್ವಿ. ಅಂತಾ ಅಂತಾ ಊರಿಗೇ ಬಂತು ಆ ಮಾತು."

"ಐವತ್ತೇಳು ವರ್ಷ ನನಗೆ!" ಎಂದು ಕೂಗಿದಳು. "ಒಬ್ಬರಾದ್ರೂ? ಒಂದು ದಿನವಾದ್ರೂ?"

"ಯಾವ ದಿನ ಹೇಳ್ಬೇಕಿತ್ತು, ನೀನೇ ಹೇಳು," ಎಂದ ಮುದುಕ, ಬಹಳ ಮೆತ್ತಗೆ.

ಫಲಕ ಅನಾವರಣದ ದಿನ ಕಣ್ಣಮುಂದೆ ಬಂತು. ಮೇಯರ್ ಭಾಷಣ, ಬ್ಯಾಂಡು, ಮುಂದಿನ ಸಾಲಿನಲ್ಲಿ ಟೋಪಿ ತೆಗೆದು ನಿಂತ ವಯಸ್ಸಾದವರು. ಗೌರವಕ್ಕೆ ಟೋಪಿ ತೆಗೆದರು ಎಂದುಕೊಂಡಿದ್ದಳು. ಅಮ್ಮ ಮಾತ್ರ ತಲೆನೋವೆಂದು ಮನೆಯಲ್ಲೇ ಉಳಿದಿದ್ದಳು. ಸಂಜೆ ಬಂದ ಮಗಳಿಗೆ ಸೂಪ್ ಬಡಿಸುತ್ತ, "ಚೆನ್ನಾಗಿ ಆಯ್ತಾ?" ಎಂದು ಕೇಳಿದ್ದಳು. ತಾನು ಆ ಸಾಲನ್ನು ಅಮ್ಮನ ಎದುರು ಮತ್ತೊಮ್ಮೆ, ದನಿ ಏರಿಸಿ, ನಾಟಕದವರಂತೆ ಹೇಳಿ ತೋರಿಸಿದ್ದಳು. ಅಮ್ಮ ಎದ್ದು ಹಿತ್ತಲಿಗೆ ಹೋಗಿದ್ದಳು. ಹೋಗುವಾಗ ಹಲಗೆಗೆ ಕೈ ಊರಿದ್ದಳು.

ಆರ್ಮೆಲ್ ತಿರುಗಿ ಮೇಜಿಗೊರಗಿದ್ದ ಹಲಗೆಯನ್ನು ನೋಡಿದಳು. ಹೊಳೆಯುವ ಆ ಅಂಗೈಯಗಲದ ಜಾಗವನ್ನು ಕಣ್ಣಲ್ಲೇ ಗೋಡೆಗೆ ಒಯ್ದಿಟ್ಟು ನೋಡಿದಳು. ನಾಲ್ಕು ವರ್ಷದ ಗುರುತಿನ ಮೇಲೆಯೇ ಸರಿಯಾಗಿ ಬಂದು ಕೂತಿತು ಅದು. ಅವಳು ನೆಲದ ಮೇಲೆ, ಸುಣ್ಣದ ಪುಡಿಯಲ್ಲೇ ಕೂತುಬಿಟ್ಟಳು.

ಬಾಗಿಲ ಬಳಿ ನೆರಳಾಡಿತು. ಕ್ಲೋತಿಲ್ದ್. ಹೊಸ ಸುರುಳಿ ಕೆಡದಂತೆ ತೆಳುವಾದ ಸ್ಕಾರ್ಫ್ ಕಟ್ಟಿದ್ದಳು. ಗೋಡೆ, ಹಲಗೆ, ನೆಲದ ಮೇಲೆ ಕೂತ ಮಗಳು, ಎಲ್ಲವನ್ನೂ ಒಂದು ಸಲ ನೋಡಿದಳು. ಅನ್ಸೆಲ್ಮ್ ಎದ್ದು ನಿಂತು ಟೋಪಿ ತೆಗೆದ.

"ಅಮ್ಮ," ಎಂದಳು ಆರ್ಮೆಲ್.

ಕ್ಲೋತಿಲ್ದ್ ಸ್ಕಾರ್ಫಿನ ಗಂಟು ಬಿಚ್ಚಿದಳು. ಮಡಿಚಿದಳು. "ನೆಲ ತಣ್ಣಗಿದೆ, ಏಳು," ಎಂದಳು.

ರೆಜಿಸ್ ಕಿಟಕಿಯಿಂದ ಇಣುಕಿ ಪಿಸುಗುಟ್ಟಿದ: "ಜನ ಬಂದ್ಬಿಟ್ರು ಮೇಡಂ. ಬೀದಿ ತುಂಬ ಇದ್ದಾರೆ. ಇಲ್ಲಿ ಏನೂ ಇಲ್ಲ ಅಂತ ಹೇಳಿ ಕಳಿಸ್ಲಾ?"

ಆರ್ಮೆಲ್ ಅಮ್ಮನ ಮುಖ ನೋಡಿದಳು. ಅಮ್ಮ ಗೋಡೆ ನೋಡುತ್ತಿದ್ದಳು. ಅಪ್ಪ ಹಲಗೆ ಹೊಡೆದು ಮುಚ್ಚಿದ ಮೇಲೆ ಇವತ್ತೇ ಮೊದಲ ಸಲ ನೋಡುತ್ತಿರಬೇಕು.

"ಕಾಲು ಒರೆಸ್ಕೊಂಡು ಬರೋಕೆ ಹೇಳು," ಎಂದಳು ಕ್ಲೋತಿಲ್ದ್.

ಜನ ಒಬ್ಬೊಬ್ಬರಾಗಿ ಗೋಣಿತಾಟಿಗೆ ಕಾಲೊರೆಸಿ ಒಳಬಂದರು. ಕೊರಳಲ್ಲಿ ಕ್ಯಾಮೆರಾ ತೂಗಿಸಿಕೊಂಡ ಹೆಂಗಸೊಬ್ಬಳು ಉತ್ಸಾಹದಿಂದ ಕೇಳಿದಳು: "ಸೇತುವೆ ಮೇಲೆ ಓದಿದ್ವಿ ಮೇಡಂ. ಒಂದು ಜೀವವೂ ಹೋಗಿಲ್ವಂತೆ! ನಿಜಾನಾ?"

ಆರ್ಮೆಲ್ ಸ್ಕರ್ಟಿಗೆ ಅಂಟಿದ ಸುಣ್ಣ ಕೊಡವಿಕೊಂಡಳು. ಬಾಯಿಪಾಠದ ಆ ಸಾಲು ನಾಲಗೆಯ ತುದಿಗೆ ತಾನಾಗಿಯೇ ಬಂದಿತ್ತು. ಅದನ್ನು ನುಂಗಿ, ಗೋಡೆಯ ಪಕ್ಕಕ್ಕೆ ಸರಿದು ನಿಂತಳು.

"ಕೆಳಗಿನಿಂದ ಮೇಲಕ್ಕೆ ಓದಿ," ಎಂದಳು.

ಅವರು ಬಗ್ಗಿ ಓದತೊಡಗಿದರು. ಎರಡು. ಮೂರು. ನಾಲ್ಕು. ಮಾತು ಒಂದೊಂದೇ ನಿಂತಿತು. ಅವರ ಬೆನ್ನ ಹಿಂದೆ ಕ್ಲೋತಿಲ್ದ್ ಮೇಜಿಗೊರಗಿದ್ದ ಹಲಗೆಯನ್ನು ಎತ್ತಿಕೊಂಡು, ಮೊಳೆ ಗೀರದಂತೆ ತಿರುಗಿಸಿ, ತೊಡೆಯ ಮೇಲೆ ಅಡ್ಡಕ್ಕಿಟ್ಟುಕೊಂಡು ಕೂತಳು. ಹೊಳೆಯುವ ಆ ಜಾಗವನ್ನು ಅವಳ ಅಂಗೈ ತಾನಾಗಿಯೇ ಹುಡುಕಿಕೊಂಡಿತು.