ಹಜ್ಜಾ ಇನ್ಸಾಫಳ ಐಸ್ ಪೆಟ್ಟಿಗೆ

"ಅಮ್ಮಾ, ಇವತ್ತು ಲೋಟದಲ್ಲಿ ಮಾಡಲಾ? ಶನಿವಾರ ಅಂತ ಅಪ್ಪ ಹೇಳಿದ್ರು."

ರಬಾಬ್ ಮಗಳ ಮಾತ್ರೆಯನ್ನು ಚಮಚದ ನೀರಿನಲ್ಲಿ ಕದಡುತ್ತಿದ್ದಳು. ಆ ಶನಿವಾರ ಕಳೆದು ಮೂರು ದಿನವಾಗಿತ್ತು; ಅದು ಗಂಡ ವಗ್ದಿಯನ್ನು ಮಣ್ಣು ಮಾಡಿದ ದಿನ. ಬಂದವರೆಲ್ಲ ಹೊರಟುಹೋಗಿದ್ದರು. ಕೆಳಗೆ ಮಹಲ್ಲಾ ಊರಿನ ಬಟ್ಟೆ ಗಿರಣಿಗೆ ಹೋಗುವವರ ಸೈಕಲ್ ಗಂಟೆ ಎಂದಿನಂತೆ ಕೇಳುತ್ತಿತ್ತು.

ಮಗಳು ರವಾನ್ ಹುಟ್ಟಿದಾಗಲೇ ಅವಳ ಥೈರಾಯ್ಡ್ ಕೆಲಸ ಮಾಡುತ್ತಿರಲಿಲ್ಲ. ಅಂದಿನಿಂದ ದಿನವೂ ಖಾಲಿ ಹೊಟ್ಟೆಗೆ ಮಾತ್ರೆ. ಕೇಳಿದವರಿಗೆ ರಬಾಬ್ ವಿಟಮಿನ್ ಎನ್ನುತ್ತಿದ್ದಳು. ಮುಂದೊಂದು ದಿನ ಮದುವೆಯಾಗಬೇಕಾದ ಹೆಣ್ಣು, ಕಾಯಿಲೆಯ ಸುದ್ದಿ ಹಬ್ಬಬಾರದು. ಮಾತ್ರೆ ತಪ್ಪಿಸದ ಮಕ್ಕಳಲ್ಲೂ ಕೆಲವರ ಮೂತ್ರಪಿಂಡದಲ್ಲಿ ಸದ್ದಿಲ್ಲದೆ ಉರಿಯೂತ ಇರಬಹುದು, ಬೆಳಗಿನ ಮೊದಲ ಮೂತ್ರವನ್ನು ತಣ್ಣಗೆ ತನ್ನಿ, ನೋಡೋಣ ಎಂದು ಡಾಕ್ಟರು ಹೇಳಿದ್ದರು.

ಗುರುವಾರ ವಗ್ದಿ ಅದನ್ನು ಲೋಟದಲ್ಲಿ ಹಿಡಿದು ಫ್ರಿಜ್ಜಿನಲ್ಲಿಟ್ಟಿದ್ದ, ಚೀಸಿನ ಪಕ್ಕ. ರಬಾಬ್ ಅದನ್ನು ಬಚ್ಚಲಿಗೆ ಸುರಿದಿದ್ದಳು.

"ನಮಾಜು ಮಾಡೋ ಮನೆ ಇದು. ಮಾತ್ರೆ ಕೊಡ್ತಿದೀವಲ್ಲ, ಇನ್ನೂ ಏನು ಹುಳುಕು ಹುಡುಕ್ತೀಯ ಅವಳಲ್ಲಿ?"

"ಆಯ್ತಮ್ಮ ತಾಯಿ, ಶನಿವಾರ ಇನ್ನೊಂದು ಹಿಡೀತೀನಿ. ಫ್ರಿಜ್ಜಿಗೆ ಬೀಗ ಹಾಕಿಸ್ತೀನಿ," ಎಂದಿದ್ದ ವಗ್ದಿ.

ಶುಕ್ರವಾರ ಸಂಜೆ ಮಸೀದಿಯ ಮೆಟ್ಟಿಲ ಮೇಲೆ ಎದೆ ಹಿಡಿದು ಕುಳಿತವನು ಮತ್ತೆ ಏಳಲಿಲ್ಲ.

"ಮಾಡು, ಕಂದಾ," ಎಂದಳು ರಬಾಬ್.

ಮೂತ್ರ ತಣ್ಣಗೆ ಒಯ್ಯಲೆಂದು ವಗ್ದಿ ಮೀನಂಗಡಿಯಿಂದ ತಂದಿದ್ದ ಐಸ್ ಪೆಟ್ಟಿಗೆ ಬಾಲ್ಕನಿಯಲ್ಲೇ ಇತ್ತು. ನಿಂಬೆ ಹಚ್ಚಿ ತಿಕ್ಕಿ ತೊಳೆದಿದ್ದ. ರಬಾಬ್ ಮೂತ್ರದ ಡಬ್ಬಿಯನ್ನು ಅದರಲ್ಲಿಟ್ಟು ಮಗಳೊಂದಿಗೆ ಹೊರಟಳು. ಆಸ್ಪತ್ರೆಯಲ್ಲಿ ನರ್ಸ್ ಡಬ್ಬಿಗೆ ಹೆಸರು ಅಂಟಿಸುತ್ತ, "ಗುರುವಾರ ತರ್ತೀನಿ ಅಂದಿದ್ರಲ್ಲ ಇವಳಪ್ಪ, ಯಾಕೆ ತಡ?" ಎಂದಳು.

"ನನ್ನಿಂದ."

ಫಲಿತಾಂಶಕ್ಕೆ ಮುಂದಿನ ವಾರ ಬರಬೇಕಂತೆ.

ಮರಳುವಾಗ ಪೆಟ್ಟಿಗೆ ಹಿಂತಿರುಗಿಸಲು ತಾಯಿ ಮಗಳು ಮೀನಂಗಡಿಗೆ ಹೋದರು. ಹಜ್ ಮಾಡಿ ಬಂದ ಅಂಗಡಿಯ ಮುದುಕಿ ಹಜ್ಜಾ ಇನ್ಸಾಫ್ ಪೆಟ್ಟಿಗೆ ನೋಡಿ ತೋಳಿನಿಂದ ಕಣ್ಣೊರೆಸಿಕೊಂಡಳು. "ಮಗಳಿಗೆ ಐಸ್‌ಕ್ರೀಂ ತರ್ತೀನಿ ಅಂತ ಒಯ್ದ. ಈ ಮುದುಕಿಗೂ ಒಂದು ತಾರೋ ಅಂದಿದ್ದೆ. ತರದೇ ಹೋಗಿಬಿಟ್ಟ, ಕಳ್ಳ."

ಮಾತಾಡುತ್ತಲೇ ಪೆಟ್ಟಿಗೆಗೆ ತುಂಬಲು ಐಸು ಬಾಚಿದಳು, ಮೇಲೆ ಮೀನು ಜೋಡಿಸಲು.

"ತಡೀರಿ ಹಜ್ಜಾ. ಐಸ್‌ಕ್ರೀಂ ಅಲ್ಲ. ಇದರಲ್ಲಿ ಇವಳ ಮೂತ್ರ ಒಯ್ದೆ, ಪರೀಕ್ಷೆಗೆ. ಹುಟ್ಟಿನಿಂದಲೇ ಇವಳ ಥೈರಾಯ್ಡ್ ಕೆಲಸ ಮಾಡಲ್ಲ. ಈಗ ಮೂತ್ರಪಿಂಡ ನೋಡ್ತಿದಾರೆ." ರಬಾಬ್ ಪೆಟ್ಟಿಗೆಗೆ ಕೈ ಅಡ್ಡ ಹಿಡಿದಳು. "ವಗ್ದಿ ಸುಳ್ಳು ಹೇಳಿದ್ದು ನನಗೋಸ್ಕರ."

ಮೀನು ಆರಿಸುತ್ತಿದ್ದ ಹೆಂಗಸರ ಕೈಗಳು ನಿಂತವು.

"ನನ್ನ ಮೀನಿನ ಪೆಟ್ಟಿಗೇಲಿ!" ಹಜ್ಜಾ ಪೆಟ್ಟಿಗೆಯನ್ನೂ ಮಗುವನ್ನೂ ನೋಡಿದಳು. ಆಮೇಲೆ ಐಸನ್ನು ಕೆಳಗೆ ಚೆಲ್ಲಿ, "ಬಾರೇ ಪುಟ್ಟೀ, ಪೈಪು ಹಿಡ್ಕೋ. ನೀನು ಮಾಡಿದ್ದು ನೀನೇ ತೊಳಿ," ಎಂದಳು.

ರವಾನ್ ನಗುತ್ತ ಎರಡೂ ಕೈಯಲ್ಲಿ ಪೈಪು ಹಿಡಿದಳು. ನೀರು ಪೆಟ್ಟಿಗೆ ತುಂಬಿ, ಅಂಚು ಮೀರಿ, ರಬಾಬಳ ಕಪ್ಪು ಉಡುಪಿನ ತುದಿಯನ್ನು ನೆನೆಸುತ್ತ ಬೀದಿಗೆ ಹರಿಯಿತು. ಅವಳು ಕಾಲು ಸರಿಸಲಿಲ್ಲ.