ಕೆಳಕೇರಿಯ ಲೀಡ್

ಲೋಕಸಭೆ ಚುನಾವಣೆಯಲ್ಲಿ ಗೆದ್ದದ್ದು ರಾಜಶೇಖರನ ಪಕ್ಷವೇ. ಆದರೂ ಗ್ರಾಮ ಪಂಚಾಯಿತಿ ಸದಸ್ಯನಾದ ಅವನ ಮುಖ ಗಂಟಿಕ್ಕಿತ್ತು. ಅಜ್ಜಂಪುರದ ಪಕ್ಕದ ಆ ಊರಿನಲ್ಲಿ, ಕೆಳಕೇರಿಯ ಬೂತ್ ಮಾತ್ರ ಎದುರು ಪಕ್ಷಕ್ಕೆ ಲೀಡ್ ಕೊಟ್ಟಿತ್ತು. ಅದಕ್ಕಾಗಿ ತರೀಕೆರೆಯ ಮುಖಂಡರು ಅವನನ್ನು ಎಲ್ಲರೆದುರು ಉಗಿದಿದ್ದರು.

ಅಷ್ಟರಲ್ಲಿ ಕೆಳಕೇರಿಯ ಬೋರ್‌ವೆಲ್ ಮೋಟಾರ್ ಸುಟ್ಟುಹೋಯಿತು. ರಿಪೇರಿಯಾಗಿ ಬಂದ ಮೋಟಾರ್ ಪಂಚಾಯಿತಿ ಕಚೇರಿಯಲ್ಲೇ ಬಿದ್ದಿತ್ತು. ತೋಟದ ಪಂಪ್‌ಸೆಟ್‌ಗಳಿಗೆ ಕೊಡ ಹೊತ್ತು ಅಲೆದು ಸಾಕಾದ ಹೆಂಗಸರು ರಾಜಶೇಖರನನ್ನು ಹುಡುಕಿಕೊಂಡು ಹೋದರು. ಅವನು ವೀರಭದ್ರನ ಗುಡಿಯ ಕಟ್ಟೆಯ ಮೇಲೆ ಕೂತಿದ್ದ.

"ಯಾರಿಗೆ ಓಟು ಹಾಕಿದ್ರೋ ಅವ್ರನ್ನೇ ಕೇಳ್ಕಳಿ. ಇಲ್ಲಾಂದ್ರೆ ಒಳಗೋಗಿ, ನಮಗೇ ಹಾಕಿದೀವಿ ಅಂತ ದೀಪ ಮುಟ್ಟಿ ಆಣೆ ಮಾಡಿ. ನಾಳೇನೇ ಮೋಟಾರ್ ಬಿಡಿಸ್ತೀನಿ," ಎಂದ.

ಹೆಂಗಸರ ನಡುವೆ ನಿಂತಿದ್ದ ಭುವನಾಗೆ ಮೈ ಉರಿಯಿತು. ಅವಳು ಓಟು ಹಾಕಿದ್ದು ಅವನ ಪಕ್ಷಕ್ಕೇ. ಗಂಡ ರಘುನಾಥನಿಗೂ ಅದನ್ನು ಹೇಳಿರಲಿಲ್ಲ. ದೀಪ ಮುಟ್ಟಿದ್ದರೆ ಅವಳ ಆಣೆ ನಿಜದ್ದೇ ಆಗುತ್ತಿತ್ತು. ಆದರೆ ಅವಳ ಅತ್ತೆ ಹುಲಿಯಮ್ಮ ಆಗಲೇ ಒಳಗೆ ಹೋಗಿ ದೀಪದ ಮುಂದೆ ನಿಂತಿದ್ದರು. ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು, ಮತ್ತೆ ಚಾಚಿದರು. ಮುದುಕಿ ಸುಳ್ಳು ಆಣೆಗೆ ನಿಂತಿದ್ದಾರೆಂದು ಭುವನಾಗೆ ತಿಳಿಯಿತು. ಓಡಿಹೋಗಿ ಆ ಕೈ ಹಿಡಿದುಕೊಂಡಳು.

"ಬ್ಯಾಡ ಅತ್ತೆ, ಬನ್ನಿ."

"ನೀರು ಬೇಕಲ್ಲೇ ಮಗ."

"ನೀರಿಗೆ ಆಣೆ ಯಾಕೆ?" ಅವಳು ಹೊರಗೆ ಬಂದು ನಿಂತಳು. "ರಾಜಶೇಖರಣ್ಣ, ಬೂತಲ್ಲಿ ರಟ್ಟು ಅಡ್ಡ ಇಟ್ಟಿರೋದು ನಿಮ್ಮಂಥೋರು ಇಣುಕಬಾರ್ದು ಅಂತ. ಈಗ ದೇವರ ಮುಂದೆ ನಿಲ್ಸಿ ಇಣುಕ್ತೀರಾ?"

"ನೀನು ಯಾರಿಗೆ ಹಾಕಿದ್ದು? ಅದನ್ನ ಹೇಳು."

"ಹೇಳಲ್ಲ."

"ಅಂದ್ರೆ ಅವ್ರಿಗೇ."

"ಹಂಗೇ ಅಂದ್ಕಳಿ. ಕಡೂರಲ್ಲಿರೋ ನಮ್ಮಪ್ಪನ ಮನೆ ಓಟು ಹಾಸನ ಕ್ಷೇತ್ರಕ್ಕೋಗ್ತದೆ, ನಮ್ಮ ಕ್ಷೇತ್ರ ಘಟ್ಟ ಇಳಿದು ಉಡುಪಿವರೆಗೂ ಹೋಗ್ತದೆ. ಅಷ್ಟು ಜನದ ಓಟು ತಗಂಡು ಗೆದ್ದು ಕೂತಿದೀರಿ, ಒಂದು ಕೇರಿಯೋರ ಬಾಯಿ ಒಣಗಿಸ್ತೀರಲ್ಲ. ನಾಚಿಕೆ ಆಗಲ್ವಾ ನಿಮಗೆ?"

ಅವನು ಎದ್ದು ಹೊರಟುಹೋದ. ಹೆಂಗಸರು ಖಾಲಿ ಕೊಡ ಹೊತ್ತು ಹೋಗಿ ಪಂಚಾಯಿತಿ ಕಚೇರಿಯ ಬಾಗಿಲಿಗೆ ಅಡ್ಡ ಕೂತರು. ಪಿಡಿಒ ಬಂದು ತಡವರಿಸಿದರು. "ಮೇಲಿಂದ ಹೇಳ್ಬೇಕಮ್ಮ."

"ಓಟು ನೋಡಿ ನೀರು ಬಿಡ್ತೀವಿ ಅಂತ ಬರ್ಕೊಡಿ ಸಾರ್," ಎಂದಳು ಭುವನಾ. "ಅಜ್ಜಂಪುರಕ್ಕೆ ಹೋಗಿ ತಹಶೀಲ್ದಾರ್‌ಗೆ ತೋರಿಸ್ತೀನಿ."

ಅವರು ಬರೆದುಕೊಡಲಿಲ್ಲ. ಫೋನ್ ಎತ್ತಿಕೊಂಡು ಹಿತ್ತಲಿಗೆ ಹೋದರು. ಸಂಜೆಯೊಳಗೆ ಮೋಟಾರ್ ಬೋರ್‌ವೆಲ್‌ಗೆ ಇಳಿಯಿತು, ನೀರು ಬಂತು.

ನೀರಿನ ಜೊತೆಗೇ ರಾಜಶೇಖರನೂ ಬಂದ, ಇಸ್ತ್ರಿ ಮಾಡಿದ ಅಂಗಿ ತೊಟ್ಟು. ನಲ್ಲಿ ತಿರುಗಿಸುತ್ತ ಫೋಟೋಗೆ ನಿಂತು, "ಎಲ್ಲಾರೂ ಹತ್ರ ಬನ್ನಿ, ನಗ್ತಾ ನಿಂತ್ಕಳಿ," ಎಂದ. ಕೆಲವರು ಹೋಗಿ ನಿಂತರು. ಭುವನಾ ಅತ್ತೆಯ ತೋಳು ಹಿಡಿದು ಕ್ಯಾಮೆರಾಗೆ ಬೆನ್ನು ಹಾಕಿದಳು. ಅವನು ಹೋಗುವವರೆಗೂ ಅವರಿಬ್ಬರೂ ಕೊಡ ತುಂಬಿಸಲಿಲ್ಲ.