ಇಬ್ಬರ ಗಾಡಿ

ಮೂವತ್ತು ವರ್ಷದ ಸಂಸಾರದಲ್ಲಿ ನನ್ನ ಹೆಂಡತಿ ಮುನಿತಾಯಮ್ಮ ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ಬಳೆ ಕೊಡಿಸಿದರೆ ಹಾಕಿಕೊಂಡಳು, ಕೊಡಿಸದಿದ್ದರೆ ಸುಮ್ಮನಿದ್ದಳು. ಅಂಥವಳು ಒಂದು ಬೆಳಿಗ್ಗೆ ತಟ್ಟೆಗೆ ರೊಟ್ಟಿ ಹಾಕುತ್ತಾ, "ಆ ನಾಕು ಚಕ್ರದ ಬೈಕು ಒಂದು ತಗಳಣ" ಅಂದರೆ ಯಾರಿಗೆ ಗುಮಾನಿ ಬರುವುದಿಲ್ಲ ಹೇಳಿ. ನಾನಂತೂ ರೊಟ್ಟಿ ಮುರಿಯುವುದನ್ನು ಬಿಟ್ಟು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದೆ.

ಯಾವ ಬೈಕು ಅಂದರೆ, ಹಿಂದಿನ ವಾರ ಮೈಸೂರು ರಸ್ತೆಯ ರೆಸಾರ್ಟೊಂದರಲ್ಲಿ ನೆಂಟರ ಮದುವೆ ಇತ್ತು. ಅಲ್ಲಿ ಎ.ಟಿ.ವಿ. ಅಂತ ಒಂದು ಗಾಡಿ ಇಟ್ಟಿದ್ದರು. ದಪ್ಪ ದಪ್ಪ ನಾಲ್ಕು ಟೈರು, ಬೈಕಿನ ಹ್ಯಾಂಡಲ್ಲು, ಮುಂದೊಬ್ಬರು ಹಿಂದೊಬ್ಬರು ಕೂರುವ ಸೀಟು. ಹಳ್ಳ ದಿಣ್ಣೆ ನೋಡದೆ ನುಗ್ಗುತ್ತಿತ್ತು. ಮದುಮಕ್ಕಳು ಅದರ ಮೇಲೆ ಕೆಸರು ಹಾರಿಸಿಕೊಂಡು ಸುತ್ತುತ್ತಿದ್ದರೆ ಇವಳು ಎಲೆ ಹಾಕಿದರೂ ಊಟಕ್ಕೆ ಬರದೆ ಬೇಲಿ ಹಿಡಿದು ನಿಂತಿದ್ದಳು. ನಾನು ಆಗಲೇ ಎಚ್ಚರವಾಗಬೇಕಿತ್ತು.

"ಯಾರು ಹೇಳ್ಕೊಟ್ರು ನಿಂಗೆ?" ಅಂದೆ.

"ಯಾರೂ ಇಲ್ಲ."

"ಯಾರೂ ಹೇಳ್ಕೊಡ್ದೆ ಇಂಥದ್ದೆಲ್ಲ ತಲೆಗೆ ಬರಲ್ಲ."

ಅವಳು ಚಟ್ನಿ ಬಡಿಸಿ ಒಳಗೆ ಹೋದಳು.

ಈ ಕೆಂಪಯ್ಯ, ಅಂದರೆ ನಾನು, ಅನುಮಾನದ ಪಿಶಾಚಿ ಅಂತ ಆಡಿಕೊಳ್ಳುವವರು ಬೆಂಗಳೂರಿನ ಅಂಚಿನ ನಮ್ಮ ಹೇರೋಹಳ್ಳಿಗೆ ಬಂದು ನಾಲ್ಕು ದಿನ ಇದ್ದು ನೋಡಲಿ. ಸೈಟಿನ ರೇಟು ಏರಿದಾಗಿನಿಂದ ನಮ್ಮೂರಲ್ಲಿ ಸುಮ್ಮಸುಮ್ಮನೆ ನಗುವವರೇ ಇಲ್ಲ. ಆರೋಗ್ಯ ವಿಚಾರಿಸಲು ಬಂದವನು ಎದ್ದು ಹೋಗುವಷ್ಟರಲ್ಲಿ ಜಮೀನಿನ ಮಾತು ತೆಗೆದಿರುತ್ತಾನೆ. ಇಲ್ಲಿನ ಹೊಲವೆಲ್ಲ ಲೇಔಟಾಗಿ ನಮಗೆ ಉಳಿದಿರುವುದು ತಾವರೆಕೆರೆ ಆಚೆಯ ಮೂರು ಎಕರೆ. ಅದರ ಮೇಲೆ ಇವಳ ತಮ್ಮ ವೆಂಕಟಗಿರಿಗೆ ಕಣ್ಣು. ಜಮೀನು ಬ್ರೋಕರು ಅವನು. "ಭಾವ, ಒಳ್ಳೆ ಪಾರ್ಟಿ ಐತೆ" ಅಂತ ಹಬ್ಬಕ್ಕೂ ಬರುತ್ತಾನೆ, ತಿಥಿಗೂ ಬರುತ್ತಾನೆ.

ಈ ಗಾಡಿಗೆ ನಂಬರು ಕೊಡುವುದಿಲ್ಲ, ರಸ್ತೆಗಿಳಿಸುವ ಹಾಗಿಲ್ಲ, ಸ್ವಂತ ಜಮೀನಿನಲ್ಲೇ ಓಡಿಸಬೇಕು ಅಂತ ರೆಸಾರ್ಟಿನವನೇ ಹೇಳಿದ್ದ. ಸ್ವಂತ ಜಮೀನು ಅಂದರೆ ಆ ಮೂರು ಎಕರೆ. ಅಲ್ಲಿಗೆ ಗಾಡಿ ಬಿತ್ತು ಅಂದರೆ ವೆಂಕಟಗಿರಿ ದಿನಕ್ಕೊಬ್ಬನನ್ನು ಹಿಂದೆ ಕೂರಿಸಿಕೊಂಡು ಬದು ತೋರಿಸುತ್ತಾನೆ. ಅಕ್ಕನನ್ನು ಮುಂದೆ ಬಿಟ್ಟು ಆಡಿಸುತ್ತಿದ್ದಾನೆ, ಬಡ್ಡೀಮಗ. ನನಗೆ ಎಲ್ಲಾ ಅರ್ಥವಾಯಿತು ಅಂದುಕೊಂಡೆ.

ನನ್ನ ಅಕ್ಕ ಚಿಕ್ಕಗಂಗಮ್ಮನಿಗೂ ಹೇಳಿದೆ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು ನನ್ನನ್ನು ಸಾಕಿದವಳು. ನಮ್ಮ ಮನೆಯಲ್ಲಿ ಅವಳ ಮಾತಿಗೆ ಎದುರಿಲ್ಲ.

"ಮನೆ ಮುಂದೆ ಸುಮೋ ನಿಂತಿಲ್ವೇನ್ಲಾ? ಎಮ್ಮೆ ಇದ್ದಂಗೈತೆ ಅದು" ಅಂದಳು ಅಕ್ಕ.

ಹೆಂಡತಿಯ ಹತ್ತಿರ ಹೋಗಿ, ಬೇಕಾದರೆ ಒಂದು ಒಳ್ಳೆ ಕಾರು ತಗೊಳ್ಳೋಣ, ಎಲ್ಲರೂ ಹೋಗಬಹುದು ಅಂದೆ. "ಕಾರ್ ಬ್ಯಾಡ" ಅಂದಳು. ಕಾರು ಬೇಡ ಅನ್ನುವ ಹೆಂಗಸನ್ನು ನಾನು ಬೆಂಗಳೂರಿನಲ್ಲಿ ಕಂಡಿಲ್ಲ. ಅವತ್ತಿನಿಂದ ಅವಳ ಮೇಲೆ ಒಂದು ಕಣ್ಣಿಟ್ಟೆ.

ಶುಕ್ರವಾರ ಅವಳು, ಅತ್ತಿಗುಪ್ಪೆಗೆ ಹೋಗಿ ಹೊಲಿಯಲು ಕೊಟ್ಟಿದ್ದ ರವಿಕೆ ತರುತ್ತೇನೆ ಅಂತ ಹೊರಟಳು. ನಾನು ಮೊಪೆಡ್ ಹತ್ತಿ ಬಸ್ಸಿನ ಹಿಂದೆ ಬಿದ್ದೆ. ಅತ್ತಿಗುಪ್ಪೆಯಲ್ಲಿ ಇಳಿದವಳು ದರ್ಜಿ ಅಂಗಡಿಯ ಕಡೆ ತಿರುಗಿಯೂ ನೋಡದೆ ಇನ್ನೊಂದು ಬಸ್ಸು ಹತ್ತಿದಳು. ಆ ಬಸ್ಸಿನ ಹೊಗೆ ಕುಡಿಯುತ್ತಾ ಮೈಸೂರು ರಸ್ತೆಯುದ್ದಕ್ಕೂ ಹೋದೆ. ಕೆಂಗೇರಿ ಉಪನಗರದ ಹತ್ತಿರ ಇಳಿದು ನೆಟ್ಟಗೆ ಒಂದು ಶೋರೂಮಿಗೆ ನುಗ್ಗಿದಳು. ಬಾಗಿಲಲ್ಲಿ ಅದೇ ನಾಲ್ಕು ಚಕ್ರದ ಗಾಡಿಗಳು. ಪಕ್ಕದಲ್ಲಿ ಪಂಚರ್ ಅಂಗಡಿ ಇತ್ತು, ಬಾಗಿಲಿನ ಮಾತು ಕೇಳಿಸುವ ಹಾಗೆ ಟೈರಿನ ರಾಶಿಯ ಹಿಂದೆ ನಿಂತೆ. ಈಗ ವೆಂಕಟಗಿರಿ ಒಳಗಿಂದ ಬರುತ್ತಾನೆ, ಕೊರಳಪಟ್ಟಿ ಹಿಡಿಯೋಣ ಅಂತ ಕಾದೆ.

ಅವಳ ಜೊತೆ ಬಾಗಿಲಿಗೆ ಬಂದವನು ಅಂಗಡಿಯ ಹುಡುಗ. ಯೋಗಾನಂದ ಅಂತ ಅಂಗಿಯ ಮೇಲೆ ಹೆಸರು ಚುಚ್ಚಿಕೊಂಡಿದ್ದ.

"ಆಂಟಿ, ಆ ಚಿಕ್ಕದು ಬೇಡ, ಇದು ತಗೊಳ್ಳಿ. ಹಿಂದೆ ಕ್ಯಾರಿಯರ್ ಇದೆ. ಅಡ್ಜಸ್ಟ್ ಮಾಡಿದ್ರೆ ಮೂರು ಜನ ಆರಾಮಾಗಿ ಹೋಗ್ಬೋದು."

"ಮೂರು ಜನ ಆಗೋದಾದ್ರೆ ಬ್ಯಾಡ" ಅಂದಳು ನನ್ನ ಹೆಂಡತಿ.

ಅವನು ನಕ್ಕ. "ಎಲ್ರೂ ಜಾಗ ಜಾಸ್ತಿ ಕೇಳ್ತಾರೆ, ನೀವು ಕಮ್ಮಿ ಕೇಳ್ತೀರಲ್ಲ."

"ಆ ಚಿಕ್ಕದ್ರಲ್ಲಿ ಮೂರ್ನೇವ್ರು ಹತ್ತಕ್ಕೇ ಆಗಲ್ಲ ತಾನೆ? ಗ್ಯಾರಂಟಿ ಹೇಳಪ್ಪ."

"ಗ್ಯಾರಂಟಿ ಆಂಟಿ. ಇಬ್ರೇ. ಅದೂ ಎರಡೂ ಕಡೆ ಕಾಲು ಹಾಕಿ ಕೂರ್ಬೇಕು, ಸ್ಕೂಟರಲ್ಲಿ ಕೂರೋ ಥರ ಒಂದೇ ಕಡೆ ಆಗಲ್ಲ."

ಅವಳು ಸುತ್ತಮುತ್ತ ನೋಡಿ, ಸೆರಗು ಸಿಕ್ಕಿಸಿ, ನೆರಿಗೆ ಎತ್ತಿ ಹಿಂದಿನ ಸೀಟಿನಲ್ಲಿ ಕೂತಳು. ಮುಂದಿನ ಖಾಲಿ ಸೀಟನ್ನು ನೋಡುತ್ತಾ ಕೂತೇ ಇದ್ದಳು. ಇಬ್ಬರೇ ಅಂದರೆ ಅವಳು ಮತ್ತು ಅವಳ ತಮ್ಮ. ಹತ್ತಬಾರದ ಮೂರನೆಯವನು ನಾನು.

ಸಂಜೆ ರವಿಕೆ ಹಿಡಿದುಕೊಂಡೇ ಮನೆಗೆ ಬಂದಳು. ಎಲ್ಲಿ ಹೋಗಿದ್ದಳು ಅನ್ನುವುದು ನನಗೆ ಗೊತ್ತು ಅಂತ ಹೇಳಿಯೇ ಶುರು ಮಾಡಿದೆ.

"ಯಾರ್ ಜೊತೆ ಹೋಗ್ಬೇಕು ಅಂತಿದೀಯ ಅದ್ರಲ್ಲಿ? ನಿನ್ ತಮ್ಮನ ಜೊತೆ ತಾನೆ?"

ಅವಳು ರವಿಕೆ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. ಅವಳಿಗೆ ನಗು ಬರುತ್ತಿತ್ತೋ ಅಳುವೋ ತಿಳಿಯಲಿಲ್ಲ.

"ಮದ್ವೆ ಆಗಿ ಎತ್ತಿನ ಗಾಡೀಲಿ ಈ ಊರಿಗೆ ಬಂದ್ವಲ್ಲ. ನಿಮ್ ಪಕ್ಕ ಯಾರು ಕೂತಿದ್ರು?"

"ಅಕ್ಕ."

"ಆಮ್ಯಾಕೆ ಲೂನಾ ತಂದ್ರಿ. ಹಿಂದ್ಗಡೆ ಯಾರು?"

"ಅಕ್ಕಂಗೆ ಬಸ್ಸಲ್ಲಿ ತಲೆ ಸುತ್ತು ಬರ್ತಿತ್ತು."

"ನಂಗೂ ಬರ್ತಿತ್ತು. ಯಾರೂ ಕೇಳ್ಲಿಲ್ಲ." ಅವಳ ದನಿ ಏರಲಿಲ್ಲ. "ಸುಮೋಲಿ ಮುಂದಿನ ಸೀಟು ಅತ್ಗಮ್ಮಂದು. ನಾನು ಹಿಂದೆ, ಮೂಟೆ ಜೊತೆ. ಧರ್ಮಸ್ಥಳಕ್ಕೆ ಹೋದಾಗ ದಾರಿ ಉದ್ದಕ್ಕೂ ವಾಂತಿ ಮಾಡ್ಕಂಡೆ, ನಿಮಗೆ ಗೊತ್ತೇ ಆಗ್ಲಿಲ್ಲ. ಯಾವ್ ಗಾಡಿ ತಂದ್ರೂ ನೀವು ಬಾರಕ್ಕ ಅಂತೀರಾ. ಇದ್ರಲ್ಲಿ ಎರಡೂ ಕಡೆ ಕಾಲು ಹಾಕ್ಬೇಕು. ಅತ್ಗಮ್ಮ ಹಂಗೆ ಕೂರಲ್ಲ. ಅದಕ್ಕೇ ಕೇಳ್ದೆ. ಒಂದ್ಸಲ ನಾವಿಬ್ರೇ ಹೋಗ್ಬೇಕು. ನಮ್ ಹೊಲದಲ್ಲೇ ಆದ್ರೂ ಸರಿ."

ನನಗೆ ನಾಚಿಕೆಯಾಯಿತು. ನಾಚಿಕೆಯಾಗಿದ್ದಕ್ಕೆ ಸಿಟ್ಟೂ ಬಂತು. ಇಷ್ಟು ಸಣ್ಣ ವಿಷಯಕ್ಕೆ ಯಾರಾದರೂ ಗಾಡಿ ಕೇಳುತ್ತಾರಾ, ಇದರ ಹಿಂದೆ ಇನ್ನೇನೋ ಇರಬೇಕು ಅಂತ ಮತ್ತೂ ಎರಡು ದಿನ ತಲೆ ಕೆರೆದುಕೊಂಡೆ. ಇನ್ನೇನೂ ಸಿಗಲಿಲ್ಲ. ಕೊನೆಗೆ ಶೋರೂಮಿಗೆ ಫೋನು ಮಾಡಿ ಯೋಗಾನಂದನನ್ನು ಕರೆಸಿ, ಗಾಡಿಯನ್ನು ನಮ್ಮ ಹೊಲಕ್ಕೆ ತಂದು ಓಡಿಸಿ ತೋರಿಸು, ಆಮೇಲೆ ಹೇಳುತ್ತೇನೆ ಅಂದೆ.

ಭಾನುವಾರ ಹೊರಟಾಗ ಅಕ್ಕ ಇಸ್ತ್ರಿ ಸೀರೆ ಉಟ್ಟು ಬಂದು ಸುಮೋದ ಮುಂದಿನ ಸೀಟಿನಲ್ಲಿ ಕೂತಳು. ಯಾರೂ ಕರೆದಿರಲಿಲ್ಲ, ಕರೆಯುವ ಪದ್ಧತಿಯೂ ನಮ್ಮಲ್ಲಿಲ್ಲ. ದಾರಿಯಲ್ಲಿ ಕನ್ನಡಿ ನೋಡಿದೆ. ಹೆಂಡತಿ ಕೊನೆಯ ಸೀಟಿನಲ್ಲಿ ಊಟದ ಕ್ಯಾರಿಯರ್ ತೊಡೆಯ ಮೇಲಿಟ್ಟುಕೊಂಡು, ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಇಷ್ಟು ವರ್ಷ ಆ ಕನ್ನಡಿಯಲ್ಲಿ ನಾನು ಏನು ನೋಡುತ್ತಿದ್ದೆನೋ.

ಹೊಲದಲ್ಲಿ ಟೆಂಪೋದಿಂದ ಗಾಡಿ ಇಳಿಸಿ ಯೋಗಾನಂದ ನನಗೆ ಓಡಿಸುವುದನ್ನು ಕಲಿಸಿದ. ಟ್ರ್ಯಾಕ್ಟರ್ ಓಡಿಸಿದ ಕೈಗೆ ಅದೇನು ಮಹಾ. ಒಂದು ಸುತ್ತು ಹೊಡೆದು ಬದುವಿನ ಹತ್ತಿರ ನಿಲ್ಲಿಸಿದೆ.

"ಆಂಟಿ, ಈಗ ನೀವು ಹತ್ತಿ" ಅಂದ ಅವನು.

ಹತ್ತಲು ಬಂದವಳು ಅಕ್ಕ. ಸೀರೆಯನ್ನು ಮೊಣಕಾಲಿಗೆತ್ತಿ ಸಿಕ್ಕಿಸಿ, ಎಡಗಾಲನ್ನು ಆಗಲೇ ಮೆಟ್ಟಿಲ ಮೇಲೆ ಇಟ್ಟಿದ್ದಳು. ಅವಳು ಹಾಗೆ ಕೂರುವವಳಲ್ಲ ಅಂತ ನನ್ನ ಹೆಂಡತಿ ಹಾಕಿದ್ದ ಲೆಕ್ಕವೆಲ್ಲ ತಲೆಕೆಳಗಾಯಿತು.

"ಅಕ್ಕ, ಇದ್ರಲ್ಲಿ ಇಬ್ರಿಗೇ ಜಾಗ" ಅಂದೆ.

"ಗೊತ್ತು ಕಣ್ಲಾ. ನೀನು, ನಾನು. ಇಬ್ರೇ ತಾನೆ?"

ಹೆಂಡತಿ ಆಗಲೇ ಹಿಂದಕ್ಕೆ ಸರಿದು, ಅಕ್ಕನ ಕೈಯ ಪರ್ಸನ್ನು ಇಸಿದುಕೊಂಡು ಹಿಡಿದು ನಿಂತಿದ್ದಳು. ಹಿಡಿದುಕೋ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

"ಇಬ್ರು ಅಂದ್ರೆ ನಾನು, ತಾಯಮ್ಮ" ಅಂದೆ. ಅಕ್ಕನಿಗೆ ನಾನು ಜನ್ಮದಲ್ಲಿ ಒಂದು ಸಲವೂ ಇಲ್ಲ ಅಂದವನಲ್ಲ.

ಅಕ್ಕ ನನ್ನ ಕಡೆ ನೋಡಲಿಲ್ಲ, ಅವಳ ಕಡೆ ನೋಡಿದಳು. "ಏನು ಮದ್ದು ಹಾಕಿದ್ಯೇ ಇವ್ನಿಗೆ?" ಅಂದು ಪರ್ಸು ಕಿತ್ತುಕೊಂಡು ಹೋಗಿ ಸುಮೋದ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡಳು. ಯೋಗಾನಂದ ಮೊಬೈಲು ತೆಗೆದು ಅದರಲ್ಲಿ ಏನೋ ಹುಡುಕತೊಡಗಿದ.

"ಬಾ, ಹತ್ತು" ಅಂದೆ ಹೆಂಡತಿಗೆ.

ಅವಳು ಬರಲಿಲ್ಲ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಅವತ್ತು ರೊಟ್ಟಿ ತಿನ್ನುವಾಗ ನಾನು ಅವಳನ್ನು ನೋಡಿದ ಹಾಗೆ.

"ಯಾರು ಹೇಳ್ಕೊಟ್ರು ನಿಮಗೆ?"

"ಯಾರೂ ಇಲ್ಲ."

ನಂಬಿದ ಹಾಗೆ ಕಾಣಲಿಲ್ಲ. ಆದರೂ ನೆರಿಗೆ ಎತ್ತಿ ಹತ್ತಿ ಕೂತಳು. ನನ್ನನ್ನು ಮುಟ್ಟದೆ ಎರಡೂ ಕೈಯಿಂದ ಸೀಟಿನ ಹಿಂದಿನ ಕಂಬಿ ಹಿಡಿದುಕೊಂಡಳು.

"ಬೀಳ್ತೀಯ, ನನ್ನ ಹಿಡ್ಕೋ."

"ಮೊದ್ಲು ಹೊರಡಿ. ಆಮ್ಯಾಕೆ ನೋಡಣ."

ಹೊರಟೆ. ರಾಗಿ ಕೊಯ್ದ ಹೊಲದಲ್ಲಿ ಗಾಡಿ ಕುಲುಕುತ್ತಾ ಹೋಯಿತು. ಹುಣಸೆಮರ ದಾಟುವಷ್ಟರಲ್ಲಿ ಹಿಂದಿನಿಂದ ಸುಮೋದ ಹಾರನ್ನು ಕೇಳಿಸಿತು. ಅಕ್ಕ ಅದನ್ನು ಅದುಮಿ ಹಿಡಿದಿದ್ದಳು. ನನ್ನ ಕೈ ತಾನಾಗಿ ಬ್ರೇಕಿನ ಕಡೆ ಹೋಯಿತು. ಹಿಂದೆ ಕೂತವಳು ಉಸಿರು ಬಿಗಿಹಿಡಿದದ್ದು ನನಗೆ ತಿಳಿಯಿತು. ಬ್ರೇಕು ಬಿಟ್ಟೆ, ತಿರುಗಿ ನೋಡದೆ ಆಕ್ಸಿಲರೇಟರ್ ಒತ್ತಿದೆ.

ಆಗ ನನ್ನ ಹೆಗಲ ಮೇಲೆ ಅವಳ ಕೈ ಬಂತು. ಒಂದೇ ಕೈ. ಇನ್ನೊಂದರಲ್ಲಿ ಕಂಬಿಯನ್ನು ಹಿಡಿದೇ ಇದ್ದಳು.